ಇಸಿಜಿಯಲ್ಲಿ ‘ಇಸ್ಕೀಮಿಯಾ’ ಎಂದಿದೆ, ಏನರ್ಥ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ದಿಬ್ಬ ಹತ್ತುವಾಗ ಎದೆ ಬಿಗಿಯುತ್ತದೆ, ಕೂತರೆ ಸರಿಹೋಗುತ್ತದೆ. ಇಸಿಜಿಯಲ್ಲಿ ‘ಇಸ್ಕೀಮಿಯಾ’ ಎಂದಿದೆ. ಹಾರ್ಟ್ ಅಟ್ಯಾಕ್ ಆಗಿದೆಯೇ?
– ಓದುಗರು, ತೋಡೂರು

ಉತ್ತರ: ಆ ಪದಕ್ಕೆ ಹಾಗೆ ಅರ್ಥವಿಲ್ಲ. ಗ್ರೀಕಿನ ‘ತಡೆಹಿಡಿ’, ‘ರಕ್ತ’ ಎಂಬ ಮಾತುಗಳು ಸೇರಿ ಆದ ಹೆಸರದು. ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗುತ್ತಿಲ್ಲ ಎಂದಷ್ಟೇ. ರಕ್ತ ಸಿಗದೆ ಸ್ನಾಯು ಸತ್ತರೆ ಅಟ್ಯಾಕ್. ಇಸಿಜಿ ಒಂದರಿಂದಲೇ ತೀರ್ಮಾನ ಆಗದು, ಆದರೆ ನೀವು ಬರೆದ ಲಕ್ಷಣ ಕಡೆಗಣಿಸುವಂಥದ್ದಲ್ಲ. ನಾಳೆಯೇ ಕಾರವಾರದ ಕ್ರಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ, ಹಳೆಯ ಇಸಿಜಿ ಇದ್ದರೆ ಒಯ್ಯಿರಿ. ಎಕೋ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿದ ಮೇಲೆ ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ), ಆಂಜಿಯೋಗ್ರಾಂ ಬೇಕೋ ಎಂಬುದನ್ನು ಹೃದ್ರೋಗ ತಜ್ಞರು ಹೇಳುತ್ತಾರೆ. ಬೀಡಿ ಸೇದುತ್ತಿದ್ದರೆ ಇಂದೇ ಬಿಡಿಸಿ. ಕೂತರೂ ನೋವು ಇಳಿಯದಿದ್ದರೆ, ಬೆವರು ಕಿತ್ತುಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಗ್ಯಾಸ್ ಎಂದು ಸೋಡಾ ಕುಡಿಸಿ ಕಾಯಬೇಡಿ.