ಗಡಸು ನೀರು

ತಿಳಿಯಾಗಿ ಕಾಣುವ ನೀರೆಲ್ಲ ಒಂದೇ ಬಗೆಯದೆಂದು ಭಾವಿಸುವುದು ಸಹಜ. ಬೆಳಗಾವಿ ಜಿಲ್ಲೆಯ ಉತ್ತರಕ್ಕಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆಯಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗಾ ನದಿಗಳೂ ಹರಿಯುತ್ತವೆ. ಹೊಳೆಗೆ ದೂರವಾದ ಊರುಗಳು ಬಾವಿಗಳನ್ನೂ ಕೊಳವೆಬಾವಿಗಳನ್ನೂ ನೆಚ್ಚಿಕೊಂಡಿವೆ. ಮಳೆಗಾಲದ ಮಳೆನೀರನ್ನೂ ಕೊಳವೆಬಾವಿಯ ನೀರನ್ನೂ ಎರಡು ಗಾಜಿನ ಲೋಟಗಳಲ್ಲಿ ತುಂಬಿಟ್ಟರೆ ಕಣ್ಣಿಗೆ ಭೇದ ತೋರದು. ಸಾಬೂನು ಹಚ್ಚಿ ಕೈ ತೊಳೆದಾಗ ಭೇದ ತಿಳಿಯುತ್ತದೆ. ಒಂದರಲ್ಲಿ ನೊರೆ ಬೇಗನೆ ಏಳುತ್ತದೆ. ಇನ್ನೊಂದರಲ್ಲಿ ಎಷ್ಟು ತಿಕ್ಕಿದರೂ ನೊರೆಯ ಬದಲು ಬೂದುಬಣ್ಣದ ಜಿಗುಟು ಕೂಡುತ್ತದೆ. ಇಂಥ ನೀರಿಗೆ ಗಡಸು ನೀರೆಂದು ಹೆಸರು. ಜನರು ಇದನ್ನು ಸವಳು ನೀರೆಂದೇ ಕರೆಯುವುದುಂಟು. ಆದರೆ ಸವಳು ನೀರು ನಾಲಗೆಗೆ ಉಪ್ಪೆನಿಸುತ್ತದೆ, ಗಡಸು ನೀರು ರುಚಿಕರವಾಗಿಯೂ ಇರಬಹುದು.

ಈ ಗುಣ ನೀರಿಗೆ ಬಂದುದು ನೆಲದಿಂದ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಆರಿ ಗಟ್ಟಿಯಾಗಿ ಈ ಸೀಮೆಯ ಕಪ್ಪು ಕಲ್ಲಾಯಿತು. ಆ ಕಲ್ಲು ಸವೆದು ಎರೆಮಣ್ಣಾಯಿತು. ಮಳೆಯ ನೀರು ಬೀಳುವಾಗ ಮೆದುವಾಗಿಯೇ ಇರುತ್ತದೆ. ಮಣ್ಣಿನೊಳಗೆ ಇಳಿಯುತ್ತ ಅದು ಅಲ್ಲಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಕಲ್ಲು ಮಣ್ಣುಗಳಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಎರೆಹೊಲದಲ್ಲಿ ನೇಗಿಲಿಗೆ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೀಗೆ ಕರಗಿದ ಸುಣ್ಣದ ಸ್ವಭಾವ ವಿಚಿತ್ರವಾದುದು. ಸಕ್ಕರೆಯು ತಣ್ಣೀರಿಗಿಂತ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಇದು ಮಾತ್ರ ಬಿಸಿ ತಗಲಿದೊಡನೆ ನೀರನ್ನು ಬಿಟ್ಟು ಹೊರಬೀಳುತ್ತದೆ. ಕಾಯಿಸಿದಾಗ ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಎಲ್ಲಿ ಶಾಖ ಹೆಚ್ಚೋ ಅಲ್ಲಿಯೇ ಅದು ಪದರು ಪದರಾಗಿ ಅಂಟುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರನ್ನು ಒಂದು ಮನೆಯವರು ದಿನಕ್ಕೆ 100 ಲೀಟರು ಕಾಯಿಸುವರೆಂದು ಇಟ್ಟುಕೊಳ್ಳೋಣ. ಅದರಲ್ಲಿ ಅಡಗಿರುವುದು 30 ಗ್ರಾಂ. ಹತ್ತರಲ್ಲಿ ಒಂದು ಪಾಲು ಮಾತ್ರ ಅಂಟಿದರೂ ದಿನಕ್ಕೆ 3 ಗ್ರಾಂ. ವರ್ಷಕ್ಕೆ ಒಂದು ಕಿಲೋಗ್ರಾಮಿಗೂ ಮಿಕ್ಕುತ್ತದೆ.

ಹಿಂದೆ ಈ ಭಾಗದ ಬಚ್ಚಲುಮನೆಗಳಲ್ಲಿ ತಾಮ್ರದ ಬಂಬ ಇರುತ್ತಿತ್ತು. ನಡುವಿನ ಕೊಳವೆಯಲ್ಲಿ ಉರಿ, ಸುತ್ತಲೂ ನೀರು. ಅದರೊಳಗೂ ಸುಣ್ಣ ಕಟ್ಟುತ್ತಿತ್ತು. ಆದರೆ ಅದರಿಂದ ನಾಲ್ಕು ಕಟ್ಟಿಗೆ ಹೆಚ್ಚು ಉರಿಯುತ್ತಿದ್ದುವೇ ಹೊರತು ಬಂಬ ಕೆಡುತ್ತಿರಲಿಲ್ಲ. ವಿದ್ಯುತ್ತಿನ ಗೀಸರು ಅಷ್ಟು ಸಹನಶೀಲವಲ್ಲ. ಅದರೊಳಗಿನ ಸಲಾಕೆಯ ನಡುವೆ ಸಣ್ಣ ತಂತಿಯೊಂದು ಕೆಂಪಗೆ ಕಾಯುತ್ತದೆ. ಆ ಶಾಖವನ್ನು ನೀರು ಕೂಡಲೇ ಸೆಳೆದುಕೊಂಡರೆ ಮಾತ್ರ ತಂತಿ ಬಾಳುತ್ತದೆ. ಸುಣ್ಣದ ಪದರಿನಲ್ಲಿ ಶಾಖವು ಉಕ್ಕಿನಲ್ಲಿ ಹರಿಯುವುದರ ಹತ್ತರಲ್ಲಿ ಒಂದು ಪಾಲಿನಷ್ಟೂ ಸರಾಗವಾಗಿ ಹರಿಯದು. ಒಳಗೇ ಸಿಕ್ಕಿಕೊಂಡ ಶಾಖ ಕೊನೆಗೆ ತಂತಿಯನ್ನೇ ಸುಡುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿಯೋ, ರಾಯಬಾಗದ ಕಬ್ಬಿನ ಹೊಲದಲ್ಲಿ ದುಡಿದೋ ಕೂಡಿಟ್ಟ ಹಣದಿಂದ ಕೊಂಡ ವಸ್ತು ಹೀಗೆ ಹಾಳಾದರೆ, ಮನೆಯವರು ಅಂಗಡಿಯವನನ್ನು ಬಯ್ಯುತ್ತಾರೆ. ಮತ್ತೆ ಹೊಸದನ್ನು ತಂದು ಅದೇ ನೀರಿಗೆ ಜೋಡಿಸುತ್ತಾರೆ.

ಮಾಳಿಗೆಯ ಮೇಲಿನ ಸೌರ ಜಲತಾಪಕದ ಕೊಳವೆಗಳು ಕಟ್ಟಿಕೊಳ್ಳುವುದಕ್ಕೂ, ಬೇಸಗೆಯ ಕೂಲರಿನ ಹುಲ್ಲು ಬಿಳಿಯಾಗಿ ಬಿರುಸಾಗುವುದಕ್ಕೂ ಈ ಲವಣಗಳೇ ಕಾರಣ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲಿ ಬಾಯ್ಲರಿಗೆ ಬಿಡುವ ನೀರನ್ನು ಮೊದಲು ಪರೀಕ್ಷಿಸಿ ಮೆದುಗೊಳಿಸದೆ ಕೆಲಸ ಸಾಗದು. ಮನೆಯಲ್ಲಿ ಅಷ್ಟು ಎಚ್ಚರ ಯಾರಿಗಿದೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಗಡಸುತನ ಕೊಳೆಯಲ್ಲ. ಭಾರತೀಯ ಮಾನಕ ಬ್ಯೂರೋದ 2012ರ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದೆಡೆ 600ರವರೆಗೂ ಒಪ್ಪಬಹುದು. ಕುಡಿಯಲು ಸಲ್ಲುವ ನೀರೇ ಕಾಯಿಸುವ ಉಪಕರಣಕ್ಕೆ ಹಗೆಯಾಗುತ್ತದೆ. ಅಡುಗೆಮನೆಯ ನಲ್ಲಿಗೆ ಶುದ್ಧೀಕರಣ ಯಂತ್ರವನ್ನು ಕೂರಿಸಿದರೆ ಬಚ್ಚಲಿನ ಗೀಸರಿಗೆ ಅದರಿಂದ ಏನು ಪ್ರಯೋಜನ?

ಉಪಾಯಗಳು ಸರಳವಾಗಿಯೇ ಇವೆ. ಗೀಸರಿನ ಶಾಖವನ್ನು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಲ್ಲಿಸಿದರೆ ಸುಣ್ಣ ಕಟ್ಟುವುದು ಬಹಳ ಕಡಿಮೆಯಾಗುತ್ತದೆ. ಬಕೆಟಿನಲ್ಲಿ ಇಳಿಬಿಡುವ ಸಲಾಕೆಯನ್ನು ವಿದ್ಯುತ್ ಸಂಪರ್ಕದಿಂದ ಬಿಡಿಸಿ, ಆರಿಸಿ, ಅದರ ಕೆಳಭಾಗಕ್ಕೆ ನಿಂಬೆಯ ರಸವನ್ನೋ ಹುಣಿಸೆಯ ನೀರನ್ನೋ ಹಚ್ಚಿಟ್ಟರೆ ಗುಳ್ಳೆಗಳೆದ್ದು ಪದರು ಸಡಿಲವಾಗುತ್ತದೆ. ಬಚ್ಚಲು ತೊಳೆಯುವ ಆ್ಯಸಿಡನ್ನು ಹಾಕಿದರೆ ಲೋಹವೇ ತಿಂದುಹೋಗುತ್ತದೆ. ಮಾಳಿಗೆಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಸ್ನಾನಕ್ಕೂ ಬಟ್ಟೆಗೂ ಬಳಸುವುದು ಎಲ್ಲಕ್ಕಿಂತ ಅಗ್ಗದ ದಾರಿಯೆಂದು ನನ್ನ ಅಭಿಪ್ರಾಯ.

ಅನುಕೂಲವುಳ್ಳವರು ನೀರನ್ನು ಮೆದುಗೊಳಿಸುವ ಸಾಧನವನ್ನು ಕೂರಿಸುತ್ತಾರೆ. ಅದರೊಳಗಿನ ರಾಳದ ಹರಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಅವುಗಳಿಗೆ ಬದಲಾಗಿ ಸೋಡಿಯಂ ಬಿಟ್ಟುಕೊಡುತ್ತವೆ. ಅವುಗಳ ಶಕ್ತಿ ಕುಂದಿದಾಗ ಉಪ್ಪಿನ ನೀರಿನಿಂದ ತೊಳೆಯಬೇಕು. ಹಾಗೆ ತೊಳೆದು ಹೊರಬಿದ್ದ ನೀರನ್ನು ಹಿತ್ತಲಿನ ಗಿಡಗಳಿಗೆ ಹಾಯಿಸಬಾರದು. ಸೋಡಿಯಂ ಹೆಚ್ಚಿದ ಎರೆಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹೆಪ್ಪುಗಟ್ಟುತ್ತದೆ. ಅತಿಯಾದ ನೀರಾವರಿಯಿಂದ ಹೊಲಗಳು ಸವಳಾಗುವುದನ್ನು ಕೃಷ್ಣಾ ತೀರದ ರೈತರು ಆಗಲೇ ಕಂಡಿದ್ದಾರೆ.