ಗಲ್ಲಾದ ಹಣ, ಕಾರ್ಡಿನ ಸಾಲ: ಕಷ್ಟದ ದಿನಗಳಿಗೆ ಒಂದು ಲೆಕ್ಕ



ವೇರೂಳ್ ದಾರಿಯಲ್ಲಿ ಹೋಟೆಲ್ ನಡೆಸುವವರಿಗೆ ವಾರದ ಏಳು ದಿನವೂ ಒಂದೇ ಅಲ್ಲ. ಮಂಗಳವಾರ ಗುಹೆಗಳಿಗೆ ರಜೆ. ಆ ದಿನ ದೋಸೆಹಿಟ್ಟು ಕಡಿಮೆ ರುಬ್ಬಬೇಕೆಂಬುದು ನಮ್ಮ ಭಟ್ಟರಿಗೂ ಗೊತ್ತು. ಶ್ರಾವಣ ಸೋಮವಾರ ಘೃಷ್ಣೇಶ್ವರನ ದರ್ಶನಕ್ಕೆ ಬಂದ ಭಕ್ತರಿಗೆ ಕುಳ್ಳಿರಿಸಲು ಜಾಗ ಸಾಲದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮಧ್ಯಾಹ್ನ ಟೇಬಲ್ ಒರೆಸುವ ಹುಡುಗನೂ ನಾವೂ ರಸ್ತೆ ನೋಡುತ್ತಾ ಕುಳಿತಿರುತ್ತೇವೆ. ಗಲ್ಲಾ ಹೀಗೆ ಏರಿಳಿದರೂ ಕಂತು, ಬಾಡಿಗೆ, ಸಂಬಳ, ಮಕ್ಕಳ ಫೀಸು ಮಾತ್ರ ತಿಂಗಳು ತಿಂಗಳಿಗೆ ತಪ್ಪದೆ ಬರುತ್ತವೆ. ಈ ಎರಡರ ನಡುವಿನ ತೂತಿಗೆ ತೇಪೆ ಹಾಕಲು ಇಂದು ನಮ್ಮಲ್ಲಿ ಹಲವರು ಬಳಸುತ್ತಿರುವುದು ಕ್ರೆಡಿಟ್ ಕಾರ್ಡನ್ನು.

2020ರ ಮಾರ್ಚ್ 17ರಂದು ದೇಶದ ಸ್ಮಾರಕಗಳ ಜೊತೆ ವೇರೂಳ್, ಅಜಂತಾ ಕೂಡ ಮುಚ್ಚಿದವು. ಮತ್ತೆ ತೆರೆದದ್ದು ಡಿಸೆಂಬರ್‌ನಲ್ಲಿ. ಆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಸರಕಾರ ಆಮೇಲೆ ತುಂಬಿಕೊಟ್ಟಿತಾದರೂ ಮೂಲ ಬಡ್ಡಿ ನಮ್ಮ ತಲೆಯ ಮೇಲೆಯೇ ಉಳಿಯಿತು. ಅಂದು ಕಲಿತ ಪಾಠವನ್ನು ಮರೆಯಬಾರದೆಂದು ಈ ಲೇಖನ.

ಕನಿಷ್ಠ ಮೊತ್ತ ಎಂಬ ಬಲೆ

ಕಾರ್ಡಿನ ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ: ಒಟ್ಟು ಬಾಕಿ, ಕನಿಷ್ಠ ಮೊತ್ತ. ಕನಿಷ್ಠ ಮೊತ್ತ ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ನಿಜ. ಆದರೆ ಬಡ್ಡಿ ಬೀಳುತ್ತದೆ. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳ ಸವಲತ್ತು ಇರುವುದಿಲ್ಲ. ಇಂದು ತಂದ ಎಣ್ಣೆ ಡಬ್ಬಕ್ಕೆ ಇಂದಿನಿಂದಲೇ ಬಡ್ಡಿ.

ಒಂದು ಲೆಕ್ಕ ಹಾಕೋಣ. ಕಾರ್ಡಿನಲ್ಲಿ 2,00,000 ರೂ. ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 7,000 ರೂ. ಕಾರ್ಡಿನ ಬಡ್ಡಿಗೆ ಶೇ. 18 ಜಿ.ಎಸ್.ಟಿ. ಉಂಟು, ಅದು 1,260 ರೂ. ಒಟ್ಟು 8,260 ರೂ. ನಾವು ನೂರಕ್ಕೆ ಐದರಂತೆ 10,000 ರೂ. ಕಟ್ಟಿದರೆ ಅಸಲಿಗೆ ಸಲ್ಲುವುದು ಬರೇ 1,740 ರೂ. ಹೊಸದಾಗಿ ಒಂದು ಪೈಸೆಯನ್ನೂ ಖರ್ಚು ಮಾಡದೆ ತಿಂಗಳಿಗೆ ಅದೇ 10,000 ಕಟ್ಟುತ್ತಾ ಹೋದರೂ ಸಾಲ ತೀರಲು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಕಟ್ಟಿದ ಮೊತ್ತ ಸುಮಾರು 4,32,000 ರೂ. ಅಂದರೆ ಪಡೆದ ಸಾಲದ ಎರಡು ಪಟ್ಟಿಗೂ ಮಿಕ್ಕಿ.

ಇಷ್ಟು ಬಡ್ಡಿಗೆ ಕಾನೂನಿನ ಮಿತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಶೇ. 30ಕ್ಕೆ ಮೀರಿದ ವಾರ್ಷಿಕ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಆದ್ದರಿಂದ ಆ ಭರವಸೆಯಲ್ಲಿ ಯಾರೂ ಕುಳಿತುಕೊಳ್ಳಬಾರದು.

ಸ್ವಂತ ಕಾರ್ಡು, ಸ್ವಂತ ಮೆಷಿನ್

ಸಂಬಳದ ದಿನ ನಗದು ಸಾಲದಿದ್ದಾಗ ತಮ್ಮ ಕಾರ್ಡನ್ನು ತಮ್ಮದೇ ಕೌಂಟರಿನ ಸ್ವೈಪ್ ಮೆಷಿನ್ನಿನಲ್ಲಿ ಎಳೆದು ಹಣ ಮಾಡುವ ಅಭ್ಯಾಸವೊಂದಿದೆ. ಇದನ್ನು ಸ್ಪಷ್ಟವಾಗಿ ಹೇಳಬೇಕು: ಮಾಡಬೇಡಿ. ಶುಲ್ಕ ನೂರಕ್ಕೆ ಎರಡು ಎಂದರೂ 50,000 ರೂಪಾಯಿಗೆ 1,000, ಮೇಲೆ ಜಿ.ಎಸ್.ಟಿ. 180, ಮುಂದಿನ ತಿಂಗಳು ಕಟ್ಟಲಾಗದಿದ್ದರೆ ಬಡ್ಡಿ ಬೇರೆ. ಊಟ ತಿಂಡಿ ಮಾರದೆ ಬಿಲ್ಲು ಹರಿದಂತೆ ಆಗುವುದರಿಂದ ಇದು ಬ್ಯಾಂಕಿನ ಕರಾರಿಗೂ ವಿರುದ್ಧ. ಮೆಷಿನ್ ಹೋದರೆ ಗಿರಾಕಿಯೂ ಹೋದಂತೆ. ಎ.ಟಿ.ಎಂ.ನಿಂದ ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುವುದೂ ಇಷ್ಟೇ ದುಬಾರಿ. ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಬ್ಯಾಂಕಿನ ಸಣ್ಣ ಶುಲ್ಕಗಳು

ಟೊಮೆಟೊ ದರ ಕಿಲೋಗೆ ಎರಡು ರೂಪಾಯಿ ಏರಿದರೆ ಮಂಡಿಯಲ್ಲಿ ಜಗಳವಾಡುವ ನಾವು ಬ್ಯಾಂಕಿನ ಸ್ಟೇಟ್‌ಮೆಂಟನ್ನು ತೆರೆದೂ ನೋಡುವುದಿಲ್ಲ. ಈ ತಿಂಗಳು ಒಮ್ಮೆ ಕುಳಿತು ಕೆಂಪು ಶಾಯಿಯಲ್ಲಿ ಗುರುತು ಹಾಕಿ ನೋಡಿ.

ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯು.ಪಿ.ಐ. ಮೂಲಕ ಕೊಟ್ಟ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಎಂ.ಡಿ.ಆರ್. ಶುಲ್ಕವಿಲ್ಲ. ರೂಪೇ ಡೆಬಿಟ್ ಕಾರ್ಡಿಗೂ ಹಾಗೆಯೇ. ಬೇರೆ ಡೆಬಿಟ್ ಕಾರ್ಡುಗಳಿಗೆ 2018ರಿಂದ ರಿಸರ್ವ್ ಬ್ಯಾಂಕಿನ ಮಿತಿ ಇದೆ: ವರ್ಷದ ವ್ಯಾಪಾರ 20 ಲಕ್ಷದೊಳಗಿದ್ದರೆ ಮೆಷಿನ್ನಿನಲ್ಲಿ ಶೇ. 0.40, ಮೀರಿದ್ದರೆ ಶೇ. 0.90. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಅಲ್ಲಿ ಚೌಕಾಸಿ ಮಾಡಬೇಕಾದವರು ನಾವೇ. ತಿಂಗಳಿಗೆ ಮೂರು ಲಕ್ಷ ಕ್ರೆಡಿಟ್ ಕಾರ್ಡು ವ್ಯಾಪಾರವಿದ್ದು ದರ ಶೇ. 2 ಆದರೆ ಶುಲ್ಕ 6,000, ಜಿ.ಎಸ್.ಟಿ. 1,080. ನಮ್ಮ ಊಟ ತಿಂಡಿಗೆ ಶೇ. 5ರ ತೆರಿಗೆಯಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲದ್ದರಿಂದ ಆ 1,080 ರೂಪಾಯಿ ವಾಪಸು ಬರುವುದಿಲ್ಲ. ಅದು ಪೂರ್ತಿ ನಮ್ಮ ಖರ್ಚು. ದರ ಕಾಲು ಪೈಸೆ ಇಳಿಸಿಕೊಂಡರೂ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಉಳಿಯುತ್ತದೆ.

ಕೌಂಟರಿನಲ್ಲಿ ಹಣ ಬಂತೆಂದು ಕೂಗಿ ಹೇಳುವ ಡಬ್ಬಿಯ ಬಾಡಿಗೆ, ಉಪಯೋಗವಿಲ್ಲದ ಎರಡನೆಯ ಮೆಷಿನ್ನಿನ ಬಾಡಿಗೆ, ಕನಿಷ್ಠ ಶಿಲ್ಕು ಇಲ್ಲದ ದಂಡ, ಮಿತಿ ಮೀರಿದ ನಗದು ಜಮೆಗೆ ಶುಲ್ಕ, ಕಂತಿನ ದಿನ ಖಾತೆ ಖಾಲಿಯಾಗಿದ್ದಕ್ಕೆ ರಿಟರ್ನ್ ಚಾರ್ಜು, ಕೇಳದೇ ಅಂಟಿಸಿದ ವಿಮೆ, ಇವನ್ನೆಲ್ಲ ಒಂದೊಂದಾಗಿ ಕೇಳಿ. ಕಂತಿನ ತಾರೀಕನ್ನು ನಿಮ್ಮ ಗಲ್ಲಾ ತುಂಬುವ ದಿನಗಳಿಗೆ ಬದಲಿಸಿಕೊಡಲು ಮನವಿ ಮಾಡಿ. ಕಾರ್ಡು ಬೇಡವೆಂದು ಬರೆದುಕೊಟ್ಟು ಬಾಕಿ ತೀರಿಸಿದ ಮೇಲೆ ಏಳು ಕೆಲಸದ ದಿನಗಳೊಳಗೆ ಅದನ್ನು ಮುಚ್ಚಬೇಕು. ಇಲ್ಲವಾದರೆ ದಿನಕ್ಕೆ 500 ರೂ. ಗ್ರಾಹಕನಿಗೆ ಕೊಡಬೇಕೆಂದು 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ.

ಪಿಗ್ಮಿಯ ಪಾಠ

ನಮ್ಮ ಹಿರಿಯರು ಊರು ಬಿಟ್ಟು ಬಂದಾಗ ಕಾರ್ಡು ಇರಲಿಲ್ಲ, ಆದರೆ ಒಂದು ಶಿಸ್ತು ಇತ್ತು. 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈಯವರು ಮತ್ತು ಅವರ ಜೊತೆಗಾರರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟಿನ ಮೂಲಕ ಪಿಗ್ಮಿ ಠೇವಣಿ ಆರಂಭಿಸಿದರು. ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು; 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ದಿನದ ದುಡಿಮೆಯವನಿಗೆ ದಿನದ ಲೆಕ್ಕವೇ ಸರಿ ಎಂಬ ತಿಳುವಳಿಕೆ ಮಾತ್ರ ಇಂದಿಗೂ ಹಳತಾಗಿಲ್ಲ.

ಸಾಲಕ್ಕೂ ಇದೇ ದಾರಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕಟ್ಟುತ್ತೇವೆಂದರೆ ಏನೂ ಉಳಿಯುವುದಿಲ್ಲ. ರಾತ್ರಿ ಗಲ್ಲಾ ಎಣಿಸುವಾಗ 500 ರೂ. ತೆಗೆದು ಬೇರೆ ಖಾತೆಗೆ ಹಾಕಿ. ಮಂಗಳವಾರ ಆಗದಿದ್ದರೆ ಸೋಮವಾರವೇ ಎರಡು ಪಾಲು ತೆಗೆಯಿರಿ. ತಿಂಗಳಿಗೆ 15,000 ಆಯಿತು. ಮೇಲಿನ ಅದೇ ಎರಡು ಲಕ್ಷದ ಸಾಲ ಆಗ ಸುಮಾರು 20 ತಿಂಗಳಲ್ಲಿ ತೀರುತ್ತದೆ. ಕಟ್ಟಿದ್ದು 2,97,000 ರೂ. ಹತ್ತಿರ. ಆ ಕಾರ್ಡಿನ ಬಾಕಿಯನ್ನು ಬ್ಯಾಂಕಿನ ಶೇ. 14ರ ಸಾಲಕ್ಕೆ ವರ್ಗಾಯಿಸಲು ಸಾಧ್ಯವಾದರೆ ಅದೇ ದಿನದ 500 ರೂಪಾಯಿಗೆ 15 ತಿಂಗಳೊಳಗೆ ಮುಗಿಯುತ್ತದೆ. ಒಟ್ಟು ಸುಮಾರು 2,19,000 ರೂ., ಸಾಲದ ಪ್ರೊಸೆಸಿಂಗ್ ಶುಲ್ಕ ಬೇರೆ. ಇಂಥ ಸಾಲದ ಬಡ್ಡಿಗೆ ಜಿ.ಎಸ್.ಟಿ. ಇಲ್ಲ. 4,32,000 ಎಲ್ಲಿ, 2,19,000 ಎಲ್ಲಿ! ಆದರೆ ಒಂದು ಷರತ್ತು: ವರ್ಗಾಯಿಸಿದ ದಿನವೇ ಕಾರ್ಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ಇಲ್ಲದಿದ್ದರೆ ಒಂದು ಸಾಲ ಹೋಗಿ ಎರಡಾಗುತ್ತದೆ.

ಮೇಲಿನಿಂದ ಕೆಳಕ್ಕೆ

ವೇರೂಳಿನ ಕೈಲಾಸವನ್ನು ಎಂಟನೆಯ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟರ ಕೃಷ್ಣ ಒಂದನೆಯವನ ಕಾಲದಲ್ಲಿ ಕೊರೆದವರು ತಳದಿಂದ ಕಟ್ಟುತ್ತಾ ಬರಲಿಲ್ಲ. ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಯುತ್ತಾ ಬಂದರು. ಸಾಲವನ್ನೂ ಹಾಗೆಯೇ ಕಡಿಯಬೇಕು. ಒಂದು ಕಾಗದದ ಮೇಲೆ ಎಲ್ಲಾ ಸಾಲಗಳನ್ನು ಬಡ್ಡಿಯ ದರದ ಪ್ರಕಾರ ಬರೆಯಿರಿ. ನೂರಕ್ಕೆ ತಿಂಗಳಿಗೆ ಐದರ ಕೈಸಾಲವಿದ್ದರೆ ಅದು ವರ್ಷಕ್ಕೆ ಶೇ. 60, ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಕಾರ್ಡು. ಆಮೇಲೆ ವೈಯಕ್ತಿಕ ಸಾಲ, ಚಿನ್ನದ ಸಾಲ, ವಾಹನ, ಕೊನೆಗೆ ಮನೆ ಸಾಲ. ಎಲ್ಲದಕ್ಕೂ ಕಟ್ಟಬೇಕಾದ ಕಂತು ಕಟ್ಟಿ, ಮಿಕ್ಕಿದ್ದನ್ನೆಲ್ಲ ಮೇಲಿನದಕ್ಕೇ ಹಾಕಿ.

ಇವೆಲ್ಲಕ್ಕೂ ಮೊದಲು ಹೋಟೆಲಿನ ಬಾಗಿಲು ತೆರೆದಿಡುವ ಖರ್ಚು: ಕೆಲಸದವರ ಸಂಬಳ, ಬಾಡಿಗೆ, ಹಾಲು, ಗ್ಯಾಸು. ಗಿರಾಕಿಯಿಂದ ವಸೂಲಾದ ಜಿ.ಎಸ್.ಟಿ. ನಮ್ಮ ಹಣವೇ ಅಲ್ಲ; ಅದನ್ನು ಮುಟ್ಟಿದರೆ ವರ್ಷಕ್ಕೆ ಶೇ. 18 ಬಡ್ಡಿ ತೆರಬೇಕು.

ಮನೆಯವರಿಗೆ ಹೇಳಿ

ನಮ್ಮಲ್ಲಿ ದೊಡ್ಡ ದೋಷವೊಂದಿದೆ. ಊರಿಗೆ ಹೋದಾಗ ಭೂತಕೋಲಕ್ಕೂ ಮದುವೆಗೂ ಕೈಬಿಚ್ಚಿ ಕೊಡುತ್ತೇವೆ. ಹೋಟೆಲಿನ ಸಾಲ ಮಾತ್ರ ಹೆಂಡತಿಗೂ ತಿಳಿಯದು. ಕೊನೆಗೆ ಅವಳ ಕರಿಮಣಿಯ ಸರ ಅಡವಿಡುವ ದಿನ ಬಂದಾಗ ಗೊತ್ತಾಗುತ್ತದೆ. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟ ಸಾಲವೇ ಮರ್ಯಾದೆ ತೆಗೆಯುವುದು. ಈ ವಾರ ಆ ಕಾಗದವನ್ನು ಮನೆಯವರ ಮುಂದಿಡಿ. ಗಲ್ಲಾದಿಂದ ಬೇಕೆಂದಾಗ ಕೈಹಾಕುವುದನ್ನು ನಿಲ್ಲಿಸಿ, ಮನೆಗೆ ತಿಂಗಳಿಗೆ ಇಂತಿಷ್ಟು ಸಂಬಳವೆಂದು ಗೊತ್ತುಮಾಡಿ. ಎಷ್ಟರಲ್ಲಿ ಸಂಸಾರ ಸಾಗಿಸಬೇಕೆಂದು ತಿಳಿದರೆ ನಮಗಿಂತ ಚೆನ್ನಾಗಿ ಸಾಗಿಸುವವರು ಅವರೇ.

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ

ಎರಡು ಕಂತು ತಪ್ಪಿದ ಮೇಲೆ ಫೋನ್ ಎತ್ತದೆ ಕುಳಿತರೆ ದಾರಿ ಮುಚ್ಚುತ್ತದೆ. ತಪ್ಪುವ ಮೊದಲೇ ಹೋಗಿ ಅವಧಿ ವಿಸ್ತರಣೆ ಕೇಳಿ, ಬರವಣಿಗೆಯಲ್ಲಿ ಕೇಳಿ. ಕಾರ್ಡಿನ ಬಾಕಿಗೆ ‘ಸೆಟಲ್‌ಮೆಂಟ್’ ಮಾಡಿಕೊಂಡರೆ ಸಿಬಿಲ್ ವರದಿಯಲ್ಲಿ ಹಾಗೆಂದೇ ದಾಖಲಾಗಿ ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆ; ಪೂರ್ತಿ ಕಟ್ಟಿ ಮುಚ್ಚುವುದು ಮೇಲು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಗಿರಾಕಿಗಳೆದುರು ಅವಮಾನಿಸುವಂತೆಯೂ ಇಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಇನ್ನೊಂದು ಒಳ್ಳೆಯ ಬದಲಾವಣೆ: 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬದಲಾಗುವ ಬಡ್ಡಿದರದ ವ್ಯಾಪಾರ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ವ್ಯಕ್ತಿಗಳಿಂದಲೂ ಸಣ್ಣ ಉದ್ದಿಮೆಗಳಿಂದಲೂ ವಾಣಿಜ್ಯ ಬ್ಯಾಂಕುಗಳು ದಂಡ ಪಡೆಯುವಂತಿಲ್ಲ. ಶ್ರಾವಣದ ಸಂಪಾದನೆಯನ್ನು ಧೈರ್ಯವಾಗಿ ಅಸಲಿಗೆ ಹಾಕಬಹುದು.

ನಾಸಿಕದ ಬಂಧುಗಳಿಗೆ ಒಂದು ಮಾತು. ಸಿಂಹಸ್ಥದ ಮುಖ್ಯ ಸ್ನಾನಗಳು 2027ರ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಜನ ಬರುತ್ತಾರೆಂದು ಈಗಲೇ ಕಾರ್ಡು ಎಳೆದು ಟೇಬಲ್ ಕುರ್ಚಿ ಹೆಚ್ಚಿಸುವವರು ಒಮ್ಮೆ ಯೋಚಿಸಲಿ. ಜಾತ್ರೆ ಮುಗಿದ ಮೇಲೂ ಕಂತು ಉಳಿಯುತ್ತದೆ. ವಾಡಿಕೆಯ ದಿನದ ಗಲ್ಲಾದಿಂದ ತೀರಿಸಬಲ್ಲಷ್ಟೇ ಸಾಲ ಮಾಡಿ. ಜಾತ್ರೆಯ ಹಣ ಬಂದರೆ ಅದು ಲಾಭವೆಂದು ತಿಳಿಯಿರಿ.

ಬಾಂಧವರೇ, ಇಂದು ರಾತ್ರಿ ಶಟರ್ ಎಳೆಯುವ ಮೊದಲು ಎರಡು ಕೆಲಸ ಮಾಡಿ: ಸಾಲಗಳ ಪಟ್ಟಿ ಬರೆಯಿರಿ, ಮೊದಲ 500 ತೆಗೆದಿಡಿ. ಹನಿ ಹನಿಗೂಡಿ ಹಳ್ಳವಾಗುವುದು ಉಳಿತಾಯಕ್ಕೂ ನಿಜ, ಸಾಲಕ್ಕೂ ನಿಜ. ಯಾವ ಹಳ್ಳ ತುಂಬಬೇಕೆಂಬುದು ನಮ್ಮ ಕೈಯಲ್ಲಿದೆ.