ರಾತ್ರಿ ಗೋಡೆಗೆ ತಲೆ ಬಡಿದುಕೊಳ್ಳುವ ಮಗುವಿನ ತಾಯಿಗೆ

ತಂಗೀ, ಮೊದಲು ಮನೆಯವರು ಆಡುವ ಎರಡು ಮಾತನ್ನು ಪಕ್ಕಕ್ಕಿಡು. ನಿನ್ನ ಮಗನದು ಹಟವೂ ಅಲ್ಲ, ದೃಷ್ಟಿಯೂ ಅಲ್ಲ. ಆಟಿಸಂ ಇರುವ ಐದು ವರ್ಷದ ಹುಡುಗ ಮಲಗುವ ಹೊತ್ತಿಗೆ ಗೋಡೆಗೆ ತಲೆ ಬಡಿದುಕೊಂಡರೆ, ಅದು ನಿದ್ದೆಗೆ ಜಾರಲು ಅವನೇ ಕಂಡುಕೊಂಡ ದಾರಿ ಇರಬಹುದು. ಇಲ್ಲವೇ ಬಾಯಿಬಿಟ್ಟು ಹೇಳಲಾಗದ ನೋವು ಇರಬಹುದು. ಎರಡರಲ್ಲಿ ಯಾವುದು ಎಂದು ತಿಳಿಯುವುದೇ ಮೊದಲ ಕೆಲಸ. ಬಿಡಿಸುವ ಮಾತು ಆಮೇಲೆ.

ಆಟಿಸಂ ಇಲ್ಲದ ಕೂಸುಗಳೂ ಇದನ್ನು ಮಾಡುತ್ತವೆ. ಆರೇಳು ತಿಂಗಳಿಗೆ ಶುರುವಾಗಿ, ಮೂರು ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ತೊಟ್ಟಿಲ ತೂಗಿನಂತೆ ಒಂದೇ ಲಯದ ಅಲುಗಾಟ ಮೈಗೆ ಹಿತ ಕೊಡುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಅದು ಬೇಗ ಬಿಡುವುದಿಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ನಿದ್ದೆಯದೇ ತೊಂದರೆ. ದಿನವಿಡೀ ಕಿವಿಗೆ ಬಿದ್ದ ಸದ್ದು, ಕಣ್ಣಿಗೆ ಬಿದ್ದ ಬೆಳಕು ರಾತ್ರಿಯಾದರೂ ಒಳಗೆ ಇಳಿದಿರುವುದಿಲ್ಲ.

ಈಗ ನೋವಿನ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಆಟಿಸಂ ಎಂಬ ಒಂದೇ ಮಾತಿಗೆ ಕಟ್ಟಿ ಇದನ್ನು ಮರೆತುಬಿಡುತ್ತಾರೆ. ಕಿವಿ ಸೋರಿಕೆ, ಕಿವಿಯೊಳಗಿನ ಬಾವು ಮಲಗಿದಾಗಲೇ ಹೆಚ್ಚು ಕಾಡುತ್ತದೆ. ಹುಳುಕು ಹಲ್ಲು ರಾತ್ರಿಯೇ ಜಗ್ಗುತ್ತದೆ. ಮಲಬದ್ಧತೆ, ಎದೆಯುರಿ, ತಲೆನೋವು, ಎಲ್ಲವೂ ಮಾತಿಲ್ಲದ ಮಗುವಿನಲ್ಲಿ ತಲೆ ಬಡಿತವಾಗಿ ಹೊರಬರಬಹುದು. ಮೊದಲು ಇಲ್ಲದ್ದು ಈಗ ಹೊಸದಾಗಿ ಶುರುವಾಗಿದ್ದರೆ, ಮೆಲ್ಲಗಿದ್ದದ್ದು ಜೋರಾಗಿದ್ದರೆ, ಒಂದೇ ಬದಿಯನ್ನು ಬಡಿದುಕೊಳ್ಳುತ್ತಿದ್ದರೆ, ಕಿವಿ, ಹಲ್ಲು, ಹೊಟ್ಟೆ ಮೂರನ್ನೂ ವೈದ್ಯರಿಂದ ನೋಡಿಸು. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾದರೂ ಮಕ್ಕಳು ರಾತ್ರಿ ಒದ್ದಾಡುತ್ತಾರೆ. ಅದಕ್ಕೆ ರಕ್ತಪರೀಕ್ಷೆ ಇದೆ, ಫೆರಿಟಿನ್ ನೋಡುತ್ತೀರಾ ಎಂದು ಕೇಳು. ಮೆಡಿಕಲ್ ಶಾಪಿನಿಂದ ನೀನೇ ಟಾನಿಕ್ ತಂದು ಕುಡಿಸಬೇಡ. ರೊಟ್ಟಿಯ ಜೊತೆ ಮಗುವಿಗೂ ಅರ್ಧ ಕಪ್ ಚಹಾ ಕೊಡುವ ರೂಢಿಯನ್ನು ಮಾತ್ರ ಇವತ್ತೇ ನಿಲ್ಲಿಸು, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಅದು ಮಾಡುತ್ತದೆ.

ಇನ್ನೊಂದು ಎಚ್ಚರ ಫಿಟ್ಸಿನದು. ಆಟಿಸಂ ಇರುವ ಮಕ್ಕಳಲ್ಲಿ ಅದು ಬೇರೆಯವರಿಗಿಂತ ಹೆಚ್ಚು. ಹೆಸರು ಹಿಡಿದು ಕರೆದಾಗ, ಭುಜ ಮುಟ್ಟಿದಾಗ ಬಡಿತ ನಿಂತರೆ, ಲಯ ಬದಲಾದರೆ, ಅದು ಬಹುಮಟ್ಟಿಗೆ ಅಭ್ಯಾಸ. ಏನು ಮಾಡಿದರೂ ನಿಲ್ಲದೆ ಕಣ್ಣು ಮೇಲಾದರೆ, ಕೈಕಾಲು ಸೆಟೆದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗು. ರಾತ್ರಿಯ ಬಡಿತವನ್ನು ಒಂದೆರಡು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೋ. ಆಸ್ಪತ್ರೆಯಲ್ಲಿ ಹಗಲು ಹೊತ್ತು ನಗುತ್ತ ಕೂತ ಮಗುವನ್ನು ನೋಡಿ ವೈದ್ಯರಿಗೆ ತಿಳಿಯದ್ದು ಆ ವಿಡಿಯೋದಲ್ಲಿ ತಿಳಿಯುತ್ತದೆ. ಜೋರಾಗಿ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ, ಮಗು ಮಂಕಾದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡು, ಬೆಳಗಾಗಲಿ ಎಂದು ಕಾಯಬೇಡ.

ನಮ್ಮ ಕಡೆಯ ಮನೆಗಳದ್ದೇ ಒಂದು ಕಷ್ಟ. ಕಮಲಾಪುರವಾಗಲಿ, ಕಲಬುರಗಿಯ ಹಳೆ ಓಣಿಗಳಾಗಲಿ, ಕೆಳಗೆ ಶಹಾಬಾದ ಪರಸಿ, ಪಕ್ಕಕ್ಕೆ ಕಲ್ಲಿನ ಗೋಡೆ. ಮಗನ ಹಾಸಿಗೆಯನ್ನು ಗೋಡೆಯಿಂದ ದೂರ, ಕೋಣೆಯ ನಡುವೆ ಹಾಕು. ಹೊರಸು ಬೇಡ, ನೆಲದ ಮೇಲೆ ಗಾದಿ ಸಾಕು. ಮನೆಯಲ್ಲಿ ದಪ್ಪ ಕೌದಿಗಳಿದ್ದರೆ ಮಡಚಿ ಗಾದಿಯ ಸುತ್ತ, ತಲೆ ತಾಗುವ ಕಡೆ ಇಡು. ಕೌದಿಯ ಭಾರ ಕೆಲವು ಮಕ್ಕಳಿಗೆ ಹಿತವೆನಿಸುತ್ತದೆ. ಹೊದಿಸುವುದಾದರೆ ಎದೆಯ ಕೆಳಗೆ ಮಾತ್ರ, ಅವನೇ ಕಿತ್ತೆಸೆಯುವಂತಿರಬೇಕು, ಮೇ ತಿಂಗಳ ಸೆಕೆಯಲ್ಲಿ ಅದೂ ಬೇಡ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮನೆ ನಿಮ್ಮದಾದರೆ, ಈ ಮಗುವನ್ನು ಕಟ್ಟೆಗೋಡೆಯ ಪಕ್ಕ ಮಲಗಿಸಲೇಬೇಡ.

ಬಡಿತವನ್ನು ಕಿತ್ತುಕೊಳ್ಳುವ ಮೊದಲು ಅದರ ಜಾಗಕ್ಕೆ ಬೇರೆ ಲಯ ಕೊಡಬೇಕು. ಸಂಜೆ ಹದಿನೈದು ನಿಮಿಷ ಜೋಕಾಲಿ, ಆಮೇಲೆ ಬೆಚ್ಚಗಿನ ನೀರು, ಭುಜ, ತೊಡೆ, ಅಂಗಾಲುಗಳನ್ನು ಒತ್ತಿ ಎಣ್ಣೆ ಹಚ್ಚುವುದು, ಪ್ರತಿದಿನ ಅದೇ ಕ್ರಮ, ಅದೇ ಹೊತ್ತು. ಏಳುವ ಸಮಯವೂ ಒಂದೇ ಇರಲಿ, ಭಾನುವಾರವೂ ಕೂಡ. ಮಲಗುವುದಕ್ಕೆ ಒಂದು ಗಂಟೆ ಮೊದಲು ಮೊಬೈಲು ಕಣ್ಣಿಗೆ ಬೀಳಬಾರದು, ಅಪ್ಪನ ಕೈಯಲ್ಲಿದ್ದದ್ದೂ ಸೇರಿ. ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದಾನೆ, ಫ್ಯಾನಿನ ಸದ್ದು ಇರುವತನಕ ಮಲಗಿರುತ್ತಾನೆ. ಕರೆಂಟ್ ಹೋದ ಕೂಡಲೇ ಎದ್ದು ಕೂತು ಗೋಡೆಗೆ ತಲೆ ತಟ್ಟತೊಡಗುತ್ತಾನೆ. ಅವನ ಅಜ್ಜಿ ದೀಪ ಹಚ್ಚುವುದಿಲ್ಲ, ಮಾತೂ ಆಡುವುದಿಲ್ಲ. ಕತ್ತಲಲ್ಲೇ ಅವನ ತಲೆಗೂ ಗೋಡೆಗೂ ನಡುವೆ ಎಡಗೈ ಇಟ್ಟು, ಬಲಗೈಯಲ್ಲಿ ಅವನ ಬಡಿತದ ವೇಗಕ್ಕೇ ಬೆನ್ನು ತಟ್ಟಲು ಶುರುಮಾಡುತ್ತಾಳೆ. ಮೆಲ್ಲಮೆಲ್ಲಗೆ ತಟ್ಟುವುದನ್ನು ನಿಧಾನ ಮಾಡುತ್ತಾಳೆ, ತಲೆಯೂ ನಿಧಾನವಾಗುತ್ತದೆ. ನೀನೂ ಹಾಗೇ ಮಾಡಿ ನೋಡು. ಬಡಿದುಕೊಂಡಾಗ ಮನೆಮಂದಿಯೆಲ್ಲ ಓಡಿಬಂದು ಬಿಸ್ಕತ್ತು, ಮೊಬೈಲು ಕೊಟ್ಟರೆ ಮರುದಿನ ಅದಕ್ಕಾಗಿಯೇ ಬಡಿದುಕೊಳ್ಳುತ್ತಾನೆ. ಹೊಡೆದರೆ, ಕೈ ಕಟ್ಟಿದರೆ ಅಂಜಿಕೆ ಸೇರಿ ಇನ್ನೂ ಹೆಚ್ಚುತ್ತದೆ. ನಿದ್ದೆಯ ಮಾತ್ರೆ ವೈದ್ಯರು ಬರೆದುಕೊಟ್ಟರಷ್ಟೇ.

ಬರೆ ಹಾಕಿಸು, ತಾಯಿತ ಕಟ್ಟಿಸು ಎನ್ನುವವರು ಬರುತ್ತಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಮಗ್ಗುಲ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಗುಣವಾಗುತ್ತದೆಂದು ನಂಬಿ. ಆ ತಾಯಂದಿರನ್ನು ನಾನು ಬೈಯಲಾರೆ. ದಾರಿ ತೋರಿಸುವವರು ಇಲ್ಲದಿದ್ದರೆ ಕಂಗೆಟ್ಟ ತಾಯಿ ಯಾರ ಮಾತನ್ನಾದರೂ ಕೇಳುತ್ತಾಳೆ. ಆದರೆ ನಿನಗೆ ದಾರಿ ಇದೆ. ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಮಗನನ್ನು ತೋರಿಸು. ಇಂಥ ಮಕ್ಕಳನ್ನು ಮುಂದಕ್ಕೆ ಕಳಿಸುವುದೂ ಅವರ ಕೆಲಸವೇ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗವಿದೆ. ಹೆಚ್ಚಿನ ತಪಾಸಣೆ ಬೇಕೆಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಒಳ್ಳೆಯವೇ. ಆದರೆ ನಮಗೆ ಹತ್ತಿರದ್ದು ಸಿಕಂದರಾಬಾದಿನ ಮನೋವಿಕಾಸ ನಗರದ ಕೇಂದ್ರ ಸರ್ಕಾರದ ಸಂಸ್ಥೆ, ಎನ್‌ಐಇಪಿಐಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕು. ಅದಾದ ಮೇಲೆ ನಿರಾಮಯ ವಿಮೆ ಕೇಳು, ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆಯ ಖರ್ಚಿಗೆ ಅದು ಆಸರೆ.

ಇನ್ನು ನಿನ್ನ ಮಾತು. ರಾತ್ರಿಯೆಲ್ಲ ನೀನೊಬ್ಬಳೇ ಎದ್ದಿದ್ದು ಬೆಳಗ್ಗೆ ರೊಟ್ಟಿ ಬಡಿಯಲು ಕೂತರೆ ಎಷ್ಟು ದಿನ ತಡೆದೀಯೆ? ಗಂಡನಿಗೂ ಅತ್ತೆಗೂ ಪಾಳಿ ಹಾಕು, ಬೆನ್ನು ತಟ್ಟುವ ರೀತಿ ಅವರಿಗೂ ಕಲಿಸು. ನಿನ್ನಿಂದ, ನೀನು ತಿಂದದ್ದರಿಂದ, ಲಸಿಕೆಯಿಂದ ಆಟಿಸಂ ಬಂತು ಎನ್ನುವವರಿಗೆ ಉತ್ತರ ಕೊಡುತ್ತ ಕೂರಬೇಡ, ಅದು ಸುಳ್ಳು. ಮನಸ್ಸಿಗೆ ತೀರಾ ಭಾರವಾದಾಗ 14416ಕ್ಕೆ, ಟೆಲಿ ಮಾನಸ್‌ಗೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮತ್ತೆ ಇವತ್ತಿನಿಂದಲೇ ಒಂದು ನೋಟ್‌ಬುಕ್ ಮಾಡು. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು, ಸಂಜೆ ಏನು ತಿಂದ, ಹೊರಕಡೆಗೆ ಹೋಗಿದ್ದನೇ, ಕರೆಂಟ್ ಹೋಗಿತ್ತೇ, ಇಷ್ಟೇ. ಎರಡು ವಾರ ಬರೆದು, ವಿಡಿಯೋದ ಜೊತೆ ವೈದ್ಯರ ಮೇಜಿನ ಮೇಲಿಡು.